ಎಚ್‌ಪಿವಿ ವರದಿ: ‘ಪಾಸಿಟಿವ್’ ಪಕ್ಕದ ಸಂಖ್ಯೆಯನ್ನೂ ಓದಿ

ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗಬಲ್ಲ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆಯ ವರದಿ ಕೈಗೆ ಬಂದಾಗ ಬಹುತೇಕ ಮಹಿಳೆಯರು ಓದುವುದು ಒಂದೇ ಪದವನ್ನು: ಪಾಸಿಟಿವ್. ಉಳಿದ ಸಾಲುಗಳತ್ತ ಕಣ್ಣು ಹಾಯುವ ಮೊದಲೇ ಎದೆ ಧಸಕ್ಕೆಂದಿರುತ್ತದೆ. ಸ್ತ್ರೀರೋಗ ತಜ್ಞೆಯಾದ ನನ್ನ ಎದುರು ಕುಳಿತು ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಎರಡೇ. ‘ಡಾಕ್ಟರೇ, ನನಗೆ ಕ್ಯಾನ್ಸರ್ ಬಂದಿದೆಯೇ?’ ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, ‘ಇದು ಯಾರಿಂದ ಬಂತು?’ ಮೊದಲ ಪ್ರಶ್ನೆಗೆ ಉತ್ತರಿಸಲು ನಾನು ವರದಿಯಲ್ಲಿ ಹುಡುಕುವುದು ತಳಿಯ ಸಂಖ್ಯೆಯನ್ನು. ಎರಡನೆಯದಕ್ಕೆ ಯಾವ ವರದಿಯಲ್ಲೂ ಉತ್ತರವಿರುವುದಿಲ್ಲ.

ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನಲ್ಲಿ ಇನ್ನೂರಕ್ಕೂ ಹೆಚ್ಚು ತಳಿಗಳಿವೆ. ಕೈಕಾಲಿನ ಮೇಲೆ ಏಳುವ ನರುಳ್ಳೆಗಳಿಗೆ ಕಾರಣವೂ ಇದೇ ಕುಟುಂಬ. ಜನನಾಂಗದ ಚರ್ಮ ಮತ್ತು ಲೋಳೆಪೊರೆಗೆ ತಗಲುವವು ಸುಮಾರು 40. ಅವುಗಳಲ್ಲಿ 6 ಮತ್ತು 11ನೇ ಸಂಖ್ಯೆಯ ತಳಿಗಳು ನರುಳ್ಳೆಗಳನ್ನು ಎಬ್ಬಿಸುತ್ತವೆ. ನೋಡಲು ಅಸಹ್ಯ, ಮನಸ್ಸಿಗೆ ಕಿರಿಕಿರಿ, ಆದರೆ ಗರ್ಭಕಂಠದ ಕ್ಯಾನ್ಸರಿಗೆ ಅವು ಕಾರಣವಲ್ಲ. ಕ್ಯಾನ್ಸರ್ ತರುತ್ತವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತವಾಗಿ ಗುರುತಿಸಿರುವುದು ಹನ್ನೆರಡನ್ನು: 16, 18, 31, 33, 35, 39, 45, 51, 52, 56, 58, 59. ಈ ಹನ್ನೆರಡೂ ಸರಿಸಮಾನವಲ್ಲ ಎಂಬುದನ್ನು ಮಾತ್ರ ನಾವು ವೈದ್ಯರು ರೋಗಿಗಳಿಗೆ ಸಾಕಷ್ಟು ಬಿಡಿಸಿ ಹೇಳುವುದಿಲ್ಲ. ಜಗತ್ತಿನ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು 16ರ ಪಾಲು. 18ನ್ನೂ ಸೇರಿಸಿದರೆ ಸುಮಾರು ಶೇ 70 ಆಗುತ್ತದೆ. ಮಿಕ್ಕದ್ದನ್ನು ಉಳಿದ ತಳಿಗಳು ಹಂಚಿಕೊಳ್ಳುತ್ತವೆ.

ಆದ್ದರಿಂದಲೇ ಹಲವು ಪ್ರಯೋಗಾಲಯಗಳ ವರದಿಯಲ್ಲಿ ಮೂರು ಸಾಲುಗಳಿರುತ್ತವೆ: ಎಚ್‌ಪಿವಿ 16, ಎಚ್‌ಪಿವಿ 18, ಮತ್ತು ಉಳಿದವನ್ನೆಲ್ಲ ಒಟ್ಟುಗೂಡಿಸಿದ ‘ಇತರ ಹೆಚ್ಚು ಅಪಾಯದ ತಳಿಗಳು’. ಪಾಸಿಟಿವ್ ಬಂದದ್ದು ಮೂರನೆಯ ಸಾಲು ಮಾತ್ರವಾಗಿದ್ದು, ಗರ್ಭಕಂಠದಿಂದ ತೆಗೆದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರ್‌ನಲ್ಲಿ ಜೀವಕೋಶಗಳು ಸಹಜವಾಗಿಯೇ ಕಂಡರೆ, ಸಾಮಾನ್ಯವಾಗಿ ಒಂದು ವರ್ಷ ಕಾದು ಮತ್ತೆ ಪರೀಕ್ಷಿಸಿದರೆ ಸಾಕು. ಮೊದಲೆರಡರಲ್ಲಿ ಒಂದು ಪಾಸಿಟಿವ್ ಆಗಿದ್ದರೆ ನಾನು ಕಾಯುವುದಿಲ್ಲ. ಸ್ಮಿಯರ್ ಸಹಜವಾಗಿದ್ದರೂ ಕಾಲ್ಪೋಸ್ಕೋಪಿಗೆ ಕರೆಯುತ್ತೇನೆ. ಸ್ಮಿಯರ್ ಚೆನ್ನಾಗಿದೆಯಲ್ಲ, ಮತ್ತೇಕೆ ಎಂದು ಕೇಳುವವರಿದ್ದಾರೆ. 18 ಮತ್ತು ಅದರ ಹತ್ತಿರದ ಸಂಬಂಧಿ 45, ಗರ್ಭಕಂಠದ ಒಳನಾಳದ ಗ್ರಂಥಿ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಸಿಗುತ್ತವೆ. ಬ್ರಷ್ ಆಡಿಸಿ ತೆಗೆದ ಮಾದರಿಯಲ್ಲಿ ಆ ಒಳಗಿನ ಬದಲಾವಣೆ ತಪ್ಪಿಹೋಗುವ ಸಾಧ್ಯತೆ ಹೊರಮೈಯ ಬದಲಾವಣೆಗಿಂತ ಜಾಸ್ತಿ.

ಕಾಲ್ಪೋಸ್ಕೋಪಿ ಎಂದರೆ ಶಸ್ತ್ರಚಿಕಿತ್ಸೆಯಲ್ಲ. ಗರ್ಭಕಂಠಕ್ಕೆ ಶೇ 3ರಿಂದ 5ರಷ್ಟು ಅಸೆಟಿಕ್ ಆಮ್ಲದ ದ್ರಾವಣವನ್ನು ಹಚ್ಚಿ, ಒಂದು ನಿಮಿಷ ಬಿಟ್ಟು, ಭೂತಗನ್ನಡಿಯಂಥ ಉಪಕರಣದಿಂದ ನೋಡುತ್ತೇವೆ. ಗುಲಾಬಿ ಬಣ್ಣದ ಮೇಲ್ಮೈ ಹಾಗೇ ಉಳಿದರೆ ನೆಮ್ಮದಿ. ಒಳಗೆ ವ್ಯತ್ಯಾಸವಾಗಿದ್ದರೆ ಆ ಜಾಗ ನಿಧಾನವಾಗಿ ಬೆಳ್ಳಗಾಗುತ್ತದೆ. ತೆಳು ಬಿಳುಪಾಗಿ ಬೇಗ ಮಾಸಿಹೋಗುವ ಕಲೆಗೂ, ದಟ್ಟ ಬಿಳುಪಿನ, ಅಂಚು ಕೊರೆದಂತೆ ಕಾಣುವ ಕಲೆಗೂ ವ್ಯತ್ಯಾಸವಿದೆ. ಎರಡನೆಯದು ಕಂಡರೆ ಅಲ್ಲಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳುಹಿಸುತ್ತೇವೆ.

16 ಏಕೆ ಇಷ್ಟು ಕೆಟ್ಟದ್ದು? ಗರ್ಭಕಂಠದ ಹೊರಮೈ ಕೋಶಗಳೂ ಒಳನಾಳದ ಕೋಶಗಳೂ ಸಂಧಿಸುವ ವಲಯದಲ್ಲಿ ಕೋಶಗಳು ಸದಾ ರೂಪ ಬದಲಿಸುತ್ತಿರುತ್ತವೆ. ವೈರಸ್ ನೆಲೆಯೂರಲು ಅದು ಹೇಳಿ ಮಾಡಿಸಿದ ಜಾಗ. ತನ್ನ ಪ್ರತಿಗಳನ್ನು ತೆಗೆಯಲು ಅದಕ್ಕೆ ವಿಭಜನೆಯಾಗುವ ಕೋಶ ಬೇಕು. ಆದರೆ ಮೇಲಿನ ಪದರಕ್ಕೆ ಬಂದ ಕೋಶ ವಿಭಜನೆಯನ್ನು ನಿಲ್ಲಿಸಿಬಿಟ್ಟಿರುತ್ತದೆ. ಆಗ ವೈರಸ್ಸಿನ ಇ7 ಎಂಬ ಪ್ರೋಟೀನ್, ವಿಭಜನೆಗೆ ತಡೆ ಹಾಕುವ ಆರ್‌ಬಿ ಪ್ರೋಟೀನನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಹೀಗೆ ದಾರಿ ತಪ್ಪಿದ ಕೋಶ ತಾನಾಗಿಯೇ ಸಾಯಬೇಕು. ಅದನ್ನು ಸಾಯಿಸಬೇಕಾದ ಪಿ53 ಎಂಬ ನಮ್ಮ ಕೋಶದ ಪ್ರೋಟೀನನ್ನು ವೈರಸ್ಸಿನ ಇನ್ನೊಂದು ಪ್ರೋಟೀನ್ ಇ6 ನಾಶಮಾಡುತ್ತದೆ. 6 ಮತ್ತು 11ರಲ್ಲೂ ಇವೇ ಹೆಸರಿನ ಪ್ರೋಟೀನುಗಳಿವೆ, ಆದರೆ ಅವುಗಳ ಹಿಡಿತ ಸಡಿಲ. 16 ಮತ್ತು 18ರ ಹಿಡಿತ ಬಿಗಿ. ಕಾಲಕ್ರಮೇಣ ವೈರಸ್ಸಿನ ಡಿಎನ್‌ಎ ತುಂಡಾಗಿ ನಮ್ಮ ಕೋಶದ ಡಿಎನ್‌ಎಗೇ ಸೇರಿಕೊಂಡರೆ, ಇ6 ಮತ್ತು ಇ7ಕ್ಕೆ ಅಂಕೆ ಹಾಕುವ ಇ2 ವಂಶವಾಹಿ ಅನೇಕ ವೇಳೆ ಮುರಿದುಹೋಗುತ್ತದೆ. ಅಲ್ಲಿಂದಾಚೆ ಆ ಕೋಶಕ್ಕೆ ಲಗಾಮಿಲ್ಲ.

ಇದೆಲ್ಲ ತಿಳಿದದ್ದು ಇತ್ತೀಚೆಗೆ. 1970ರ ದಶಕದಲ್ಲಿ ಅನುಮಾನವಿದ್ದದ್ದು ಹರ್ಪಿಸ್ ವೈರಸ್ ಮೇಲೆ. ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಝುರ್ ಹೌಸೆನ್ ಅದನ್ನು ಒಪ್ಪದೆ ಹುಡುಕಾಟ ಮುಂದುವರಿಸಿದರು. ಅವರ ತಂಡ 1983ರಲ್ಲಿ 16ನ್ನೂ ಮರುವರ್ಷ 18ನ್ನೂ ಪತ್ತೆಹಚ್ಚಿತು. 2008ರಲ್ಲಿ ಅವರಿಗೆ ನೊಬೆಲ್ ಸಂದಿತು. ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯಿಂದ 1951ರಲ್ಲಿ, ಅವರ ಒಪ್ಪಿಗೆಯನ್ನೂ ಕೇಳದೆ, ತೆಗೆದ ಹೀಲಾ ಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವುಗಳೊಳಗೆ ಇರುವುದು ಎಚ್‌ಪಿವಿ 18. ಅವುಗಳಲ್ಲಿ ಇ6 ಮತ್ತು ಇ7ರ ಕೆಲಸವನ್ನು ನಿಲ್ಲಿಸಿದರೆ ಇಷ್ಟು ವರ್ಷಗಳ ನಂತರವೂ ಕೋಶಗಳ ಬೆಳವಣಿಗೆ ನಿಂತುಬಿಡುತ್ತದೆ.

ಇಷ್ಟು ಓದಿ ಯಾರೂ ಕಂಗೆಡಬೇಕಾಗಿಲ್ಲ. ತಗಲಿದ ಸೋಂಕುಗಳಲ್ಲಿ ಹತ್ತಕ್ಕೆ ಒಂಬತ್ತನ್ನು ದೇಹವೇ ಎರಡು ವರ್ಷದೊಳಗೆ ಹತೋಟಿಗೆ ತರುತ್ತದೆ. ಕ್ಯಾನ್ಸರ್ ಆಗಬೇಕಾದರೆ ಹೆಚ್ಚು ಅಪಾಯದ ತಳಿಯೊಂದು ವರ್ಷಗಟ್ಟಲೆ ಬಿಡದೆ ಉಳಿಯಬೇಕು. ಹಾಗೆ ಉಳಿದರೂ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಚಿಕಿತ್ಸೆ ಪಡೆಯದ ಎಚ್‌ಐವಿ ಸೋಂಕಿನಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಮಾತ್ರ ಈ ಅವಧಿ 5ರಿಂದ 10 ವರ್ಷಕ್ಕೆ ಇಳಿಯಬಹುದು. ಧೂಮಪಾನವೂ ಅಪಾಯವನ್ನು ಹೆಚ್ಚಿಸುತ್ತದೆ. ವೈರಸ್ಸನ್ನೇ ಹೊಡೆದೋಡಿಸುವ ಮಾತ್ರೆ ಇಲ್ಲ. ಹಾಗೆಂದು ಹೇಳಿ ಮಾರುವವರನ್ನು ದಯವಿಟ್ಟು ನಂಬಬೇಡಿ. ನಾವು ಚಿಕಿತ್ಸೆ ಕೊಡುವುದು ಬದಲಾದ ಅಂಗಾಂಶಕ್ಕೆ. ಕ್ಯಾನ್ಸರ್‌ಪೂರ್ವ ಹಂತದಲ್ಲಿ ಆ ಭಾಗವನ್ನು ಶಾಖದಿಂದ ಸುಡಬಹುದು ಅಥವಾ ವಿದ್ಯುತ್ ತಂತಿಯ ಕುಣಿಕೆಯಿಂದ ತೆಗೆಯಬಹುದು. ಗರ್ಭಕೋಶವನ್ನೇ ತೆಗೆಯಬೇಕಾದ ಪ್ರಸಂಗ ಈ ಹಂತದಲ್ಲಿ ವಿರಳ.

ಇನ್ನು ಆ ಎರಡನೆಯ ಪ್ರಶ್ನೆ. ಲೈಂಗಿಕ ಜೀವನ ನಡೆಸುವ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ಈ ವೈರಸ್ ತಗಲುತ್ತದೆ. ಚರ್ಮದ ಸಂಪರ್ಕವೇ ಸಾಕಾದ್ದರಿಂದ ಕಾಂಡೋಮ್ ಅಪಾಯವನ್ನು ತಗ್ಗಿಸಿದರೂ ಪೂರ್ತಿ ತಡೆಯಲಾರದು. ಪತ್ತೆಗೆ ಸಿಗದಷ್ಟು ಕಡಿಮೆ ಪ್ರಮಾಣದಲ್ಲಿ ಅಡಗಿದ್ದು, ವರ್ಷಗಳ ನಂತರ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲೂಬಹುದು. ಇಂದಿನ ಪಾಸಿಟಿವ್ ಕಳೆದ ತಿಂಗಳಿನದೋ, ಮದುವೆಗೂ ಮುಂಚಿನದೋ, ಗಂಡನದೋ, ಹೆಂಡತಿಯದೋ ಎಂದು ಯಾವ ಪ್ರಯೋಗಾಲಯವೂ ಹೇಳಲಾರದು. ಈ ಕಾಗದವನ್ನು ಮುಂದಿಟ್ಟುಕೊಂಡು ಒಬ್ಬ ಹೆಂಗಸಿನ ನಡತೆಯನ್ನು ವಿಚಾರಣೆ ಮಾಡುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಗಂಡನೂ ಜೊತೆಗಿದ್ದರೆ ಈ ಮಾತನ್ನು ಅವರ ಎದುರಿಗೇ ಹೇಳುತ್ತೇನೆ.

ಲಸಿಕೆಯೂ ತಳಿಯ ಲೆಕ್ಕದಲ್ಲೇ ತಯಾರಾಗುತ್ತದೆ. ವೈರಸ್ಸಿನ ಹೊರಕವಚದ ಪ್ರೋಟೀನನ್ನಷ್ಟೇ ಬಳಸುವುದರಿಂದ ಅದರಲ್ಲಿ ಸೋಂಕು ತರುವ ಡಿಎನ್‌ಎ ಇರುವುದಿಲ್ಲ. ಒಂಬತ್ತು ತಳಿಗಳ ಲಸಿಕೆಯಲ್ಲಿ 6, 11, 16, 18ರ ಜೊತೆಗೆ 31, 33, 45, 52, 58 ಸೇರಿವೆ. ಸೋಂಕು ತಗಲುವ ಮುನ್ನ, ಅಂದರೆ 9ರಿಂದ 14ರ ವಯಸ್ಸಿನಲ್ಲಿ, ಅದರ ಫಲ ಅತ್ಯಧಿಕ. ಈಗಾಗಲೇ ಇರುವ ಸೋಂಕನ್ನು ಅದು ಗುಣಪಡಿಸದು. ಲಸಿಕೆಯೊಳಗಿಲ್ಲದ ತಳಿಗಳೂ ಇರುವುದರಿಂದ, ಲಸಿಕೆ ಪಡೆದವರೂ ಮುಂದೆ ತಪಾಸಣೆಗೆ ಬರಬೇಕು. 30 ದಾಟಿದ ಮಹಿಳೆಯರಿಗೆ 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆ ಲೆಕ್ಕ ಯಾವ ತೊಂದರೆಯೂ ಇಲ್ಲದವರಿಗೆ. ಸಂಭೋಗದ ನಂತರ ರಕ್ತ ಕಂಡರೆ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ಸ್ರಾವವಾದರೆ, ಹಿಂದಿನ ವರದಿಯಲ್ಲಿ ನೆಗೆಟಿವ್ ಎಂದಿದ್ದರೂ ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಆ ವಾರವೇ ಬಂದು ತೋರಿಸಿ.