ಕೊನೆ ಭಾಗದ ಉಪ್ಪು

ಮಾನ್ವಿ, ಸಿರವಾರ ಕಡೆಯ ರೈತರಿಗೆ ಕಿಡ್ನಿಯ ಪಾಠ ಹೇಳುವುದು ಬೆಂಗಳೂರಿನವರಿಗೆ ಹೇಳುವುದಕ್ಕಿಂತ ಸುಲಭ. ಕಾಲುವೆಯ ಕೊನೆ ಭಾಗ ಅಂದರೇನು ಅಂತ ಇವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ನಾಲೆ ಕೊಪ್ಪಳ, ಗಂಗಾವತಿ, ಸಿಂಧನೂರು ದಾಟಿ ಇವರ ಹೊಲ ಮುಟ್ಟುವ ಹೊತ್ತಿಗೆ ಮೇಲಿನವರು ಉಂಡು ಕೈ ತೊಳೆದಿರುತ್ತಾರೆ. ಗೇಜ್, ಅಂದರೆ ನಾಲೆಯ ನೀರಿನ ಮಟ್ಟ, ಎಷ್ಟಿದೆ ಎಂಬ ಒಂದೇ ಮಾತಿನ ಮೇಲೆ ಇಲ್ಲಿನ ಭತ್ತ ನಿಂತಿದೆ.

ಒಂದೊಂದು ಕಿಡ್ನಿಯಲ್ಲೂ ಇಂಥ ಸುಮಾರು ಹತ್ತು ಲಕ್ಷ ನಾಲೆಗಳಿವೆ. ಎರಡೂ ಕಿಡ್ನಿ ಸೇರಿ ದಿನಕ್ಕೆ 180 ಲೀಟರಿನಷ್ಟು ದ್ರವ ರಕ್ತದಿಂದ ಸೋಸಿ ಇವುಗಳೊಳಗೆ ಇಳಿಯುತ್ತದೆ. ಅದರಲ್ಲಿರುವ ಉಪ್ಪೆಲ್ಲ ಕೂಡಿಸಿದರೆ ಒಂದೂವರೆ ಕಿಲೋ! ನಾವು ಉಣ್ಣುವುದು ಹತ್ತು ಗ್ರಾಂ ಆಸುಪಾಸು. ಹಾಗಾಗಿ ಸೋಸಿದ್ದರಲ್ಲಿ ನೂರಕ್ಕೆ 99 ಪಾಲು ವಾಪಸ್ ರಕ್ತಕ್ಕೆ ಬರಲೇಬೇಕು. ಮೊದಲ ತಿರುವಿನಲ್ಲೇ ಸುಮಾರು 65 ಪಾಲು ಹೀರಿ ಹೋಗುತ್ತದೆ, ಹೆನ್ಲೆಯ ಕುಣಿಕೆ ಎಂಬ ಉದ್ದನೆಯ ಬಾಗಿನಲ್ಲಿ 25, ಮುಂದೆ ಇನ್ನೇಳು ಆಸುಪಾಸು. ಕೊನೆ ಭಾಗಕ್ಕೆ ಉಳಿಯುವುದು ಎರಡು ಮೂರು ಪಾಲು. ಆದರೆ ಒಂದೂವರೆ ಕಿಲೋದಲ್ಲಿ ಎರಡು ಪಾಲು ಅಂದರೂ 30 ಗ್ರಾಂ, ಮೂರು ದಿನದ ಊಟದ ಉಪ್ಪು. ನಮ್ಮ ನಾಲೆಯ ಕೊನೆ ಭಾಗದವರು ಅಂಗಲಾಚುತ್ತಾರೆ. ಕಿಡ್ನಿಯಲ್ಲಿ ಕೊನೆ ಭಾಗದವರೇ ಯಜಮಾನರು: ಮೈಯಲ್ಲಿ ಉಪ್ಪೆಷ್ಟು ಇರಬೇಕು, ರಕ್ತದೊತ್ತಡ ಎಷ್ಟಿರಬೇಕು ಎಂಬ ಕೊನೆಯ ಮಾತು ಅವರದು.

ಅವರಿಗೆ ಆಜ್ಞೆ ಕೊಡುವುದು ಆಲ್ಡೋಸ್ಟೆರೋನ್ ಎಂಬ ಸ್ಟೆರಾಯ್ಡ್ ಹಾರ್ಮೋನು. ಕಿಡ್ನಿಯ ನೆತ್ತಿಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿ ಇದನ್ನು ಸ್ರವಿಸುವುದು ದಿನಕ್ಕೆ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಆ ಗ್ರಂಥಿ ಕೆಟ್ಟರೆ ಮನುಷ್ಯ ಸೊರಗಿ ಸಾಯುತ್ತಾನೆಂದು ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲೇ ಬರೆದಿಟ್ಟಿದ್ದ. ಉಪ್ಪಿನ ನಂಟು ತಿಳಿದದ್ದು ಬಹಳ ತಡವಾಗಿ. 1940ರಲ್ಲಿ ಅಮೆರಿಕದ ಬಾಲ್ಟಿಮೋರಿನಿಂದ ಮೂರೂವರೆ ವರ್ಷದ ಹುಡುಗನೊಬ್ಬನ ಕಥೆ ಪ್ರಕಟವಾಯಿತು. ಮನೆಯಲ್ಲಿ ಉಪ್ಪನ್ನು ಸಕ್ಕರೆಯಂತೆ ತಿನ್ನುತ್ತಿದ್ದ ಕೂಸು. ಆಸ್ಪತ್ರೆಯಲ್ಲಿ ಎಲ್ಲರಿಗೂ ಕೊಡುವ ಊಟವನ್ನೇ ಕೊಟ್ಟರು, ಒಂದು ವಾರದಲ್ಲಿ ತೀರಿಹೋಯಿತು. ಶವ ಪರೀಕ್ಷೆಯಲ್ಲಿ ಅಡ್ರಿನಲ್ ಕೆಟ್ಟಿದ್ದು ಕಂಡಿತು. ಚಟ ಅಂದುಕೊಂಡದ್ದು ಆ ಮಗು ತಾನೇ ಕಂಡುಕೊಂಡಿದ್ದ ಚಿಕಿತ್ಸೆಯಾಗಿತ್ತು.

ಇನ್ನು ಬಿಸಿಲಿನ ಮಾತು. ಮೇ ತಿಂಗಳಲ್ಲಿ ರಾಯಚೂರಿಗೆ ಹೊಸದಾಗಿ ವರ್ಗವಾಗಿ ಬಂದವರ ಅಂಗಿಯ ಬೆನ್ನ ಮೇಲೆ ಬಿಳೀ ಗೆರೆ ಮೂಡುತ್ತದಲ್ಲ, ಅದು ಬೆವರಿನ ಉಪ್ಪು. ಎರಡು ವಾರ ಇದೇ ಬಿಸಿಲಲ್ಲಿ ಓಡಾಡಲಿ, ಬೆವರು ಹೆಚ್ಚಾಗುತ್ತದೆ, ಅದರ ಉಪ್ಪು ಕಮ್ಮಿಯಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮಿಷಿಗನ್ನಿನ ವೈದ್ಯ ಜೆರೋಮ್ ಕಾನ್ ಇದನ್ನೇ ಅಳೆಯುತ್ತ ಕೂತಿದ್ದ. ಅಡ್ರಿನಲ್ಲಿನ ಯಾವುದೋ ಸ್ಟೆರಾಯ್ಡ್ ಉಪ್ಪು ಹಿಡಿದಿಡುತ್ತಿದೆ ಎಂಬುದು ಅವನ ಗುಮಾನಿ. 1953ರಲ್ಲಿ ಲಂಡನ್ನಿನ ವಿಜ್ಞಾನಿಗಳಾದ ಸಿಲ್ವಿಯಾ ಮತ್ತು ಜೇಮ್ಸ್ ಟೇಟ್, ಸ್ವಿಟ್ಜರ್ಲೆಂಡಿನ ಬಾಸೆಲ್‌ನ ರೈಕ್‌ಸ್ಟೈನ್ ತಂಡದ ಜೊತೆಗೂಡಿ, ದನದ ಅಡ್ರಿನಲ್‌ಗಳ ರಾಶಿಯಿಂದ ಕೆಲವೇ ಮಿಲಿಗ್ರಾಂ ಆಲ್ಡೋಸ್ಟೆರೋನ್ ತೆಗೆದರು. ಮರುವರ್ಷವೇ ಕಾನ್ ಮುಂದೆ 34ರ ಹೆಣ್ಣುಮಗಳೊಬ್ಬಳು ಬಂದಳು. ಬಿಪಿ ಜಾಸ್ತಿ, ಪೊಟ್ಯಾಸಿಯಂ ಕಮ್ಮಿ, ಕೈಕಾಲು ಸೋತಿದ್ದವು, ಬೆವರಿನಲ್ಲಿ ಉಪ್ಪೇ ಇಲ್ಲವೆನ್ನುವಷ್ಟು ಕಡಿಮೆ. ಬೆವರು ನೋಡಿಯೇ ಅವನಿಗೆ ಹೊಳೆಯಿತು. ಅಡ್ರಿನಲ್ಲಿನ ಗಡ್ಡೆ ತೆಗೆದ ಮೇಲೆ ಆಕೆ ಚೇತರಿಸಿಕೊಂಡಳು.

ಹಾರ್ಮೋನು ಕೊನೆ ಭಾಗದಲ್ಲಿ ಮಾಡುವುದೇನು? 'ಸೋಡಿಯಂ ದ್ವಾರಗಳನ್ನು ತೆರೆಯುತ್ತದೆ' ಅಂತ ಪಠ್ಯಪುಸ್ತಕ ಒಂದು ಸಾಲಿನಲ್ಲಿ ಮುಗಿಸುತ್ತದೆ. ನನಗೆ ಆ ಸಾಲು ಕಂಡರೆ ಸಿಟ್ಟು. ನಿಜ ಸಂಗತಿ ಅದಕ್ಕಿಂತ ಸೊಗಸಾಗಿದೆ.

ಜೀವಕೋಶದ ಗೋಡೆಯಲ್ಲಿ ಸೋಡಿಯಂ ಗೇಟುಗಳಿವೆ. ನೆಡ್-4-2 ಎಂಬ ಪ್ರೋಟೀನು ಅವುಗಳಿಗೆ ಗುರುತು ಹಚ್ಚಿ ಗೋಡೆಯಿಂದ ಕೀಳಿಸುತ್ತಿರುತ್ತದೆ. ಇದೊಂಥರ ಗೇಟು ಕೀಳುವುದೇ ಕಸುಬಾದ ಗ್ಯಾಂಗ್‌ಮನ್. ಆಲ್ಡೋಸ್ಟೆರೋನ್ ಕೋಶದೊಳಗೆ ನುಗ್ಗಿ, ತನ್ನ ಗ್ರಾಹಿಯನ್ನು (ಹಾರ್ಮೋನು ಬಂದು ಕೂರುವ ಪ್ರೋಟೀನು) ಹಿಡಿದು ನ್ಯೂಕ್ಲಿಯಸ್ಸಿಗೆ ಹೋಗಿ, ಎಸ್‌ಜಿಕೆ-1 ಎಂಬ ಕಿಣ್ವ ತಯಾರಿಸಲು ಹೇಳುತ್ತದೆ. ಆ ಕಿಣ್ವ ಬಂದು ಗ್ಯಾಂಗ್‌ಮನ್ನನ ಕೈ ಕಟ್ಟುತ್ತದೆ. ಅಷ್ಟೇ! ಕೀಳುವವನು ಸುಮ್ಮನಾದ, ಗೇಟುಗಳು ಉಳಿದವು. ಮದುವೆ ಮನೆಯಲ್ಲಿ ಉಣ್ಣುವವರು ಏಳುವ ಮೊದಲೇ ಎಲೆ ಎತ್ತುವ ಹುಡುಗನಿರುತ್ತಾನಲ್ಲ, ಅವನಿಗೆ 'ತಡಿಯಪ್ಪಾ' ಅಂದರೆ ಸಾಕು, ಪಂಕ್ತಿ ತುಂಬಿಯೇ ಇರುತ್ತದೆ. ಹೊಸ ಎಲೆ ಹಾಕುವುದು ಆಮೇಲಿನ ಮಾತು. ಅದನ್ನೂ ಹಾರ್ಮೋನು ನಿಧಾನಕ್ಕೆ ಮಾಡಿಸುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ (ಟಿಬಿ) ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಕೊಂಡು ಹೋದಾಗ ವಾರಗಟ್ಟಲೆ ನಿದ್ದೆಗೆಟ್ಟವರಿಗೆ, ಗೇಟು ಇದ್ದಲ್ಲೇ ಇರುವುದೂ ಒಂದು ಕೆಲಸ ಎಂಬುದು ಗೊತ್ತಿದೆ.

ಕೆಲವರಲ್ಲಿ ಗೇಟಿನ ಬಾಲ ಹುಟ್ಟಿನಿಂದಲೇ ತುಂಡಾಗಿರುತ್ತದೆ, ಗ್ಯಾಂಗ್‌ಮನ್ನನಿಗೆ ಹಿಡಿಯಲು ಹಿಡಿಕೆಯೇ ಸಿಗುವುದಿಲ್ಲ. ಅಂಥವರಿಗೆ ಚಿಕ್ಕ ವಯಸ್ಸಿನಲ್ಲೇ ಬಿಪಿ. ಲಿಡ್ಲ್ ಸಿಂಡ್ರೋಮ್ ಅಂತ ಅದರ ಹೆಸರು.

ಗೇಟಿನಿಂದ ಒಳಬಂದ ಸೋಡಿಯಂ ಅನ್ನು ರಕ್ತದ ಕಡೆಗೆ ಎತ್ತಿ ಹಾಕಲು ಪಂಪು ಬೇಕು. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. 1957ರಲ್ಲಿ ಇದನ್ನು ವರದಿ ಮಾಡಿದ ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೂಗೆ ನೊಬೆಲ್ ಬಂದದ್ದು 40 ವರ್ಷದ ಮೇಲೆ. ಒಳಬಂದ ಪೊಟ್ಯಾಸಿಯಂ ಮೂತ್ರಕ್ಕೆ ಜಾರುತ್ತದೆ. ಕಾನ್ ನೋಡಿದ ಹೆಣ್ಣುಮಗಳ ಕೈಕಾಲು ಸೋತದ್ದು ಇದರಿಂದ.

ಈಗ ಕಥೆಯ ಕಳ್ಳ. ಅಡ್ರಿನಲ್ಲಿನ ಇನ್ನೊಂದು ಸ್ಟೆರಾಯ್ಡ್ ಕಾರ್ಟಿಸಾಲ್ ರಕ್ತದಲ್ಲಿ ಆಲ್ಡೋಸ್ಟೆರೋನಿಗಿಂತ ನೂರು ಪಟ್ಟಿಗೂ ಹೆಚ್ಚು. 1987ರಲ್ಲಿ ಗ್ರಾಹಿಯ ಜೀನು ಸಿಕ್ಕಾಗ ಗೊತ್ತಾದದ್ದು, ಅದು ಇಬ್ಬರನ್ನೂ ಸಮವಾಗಿ ಹಿಡಿಯುತ್ತದೆ! ಹಾಗಿದ್ದರೆ ಕಾರ್ಟಿಸಾಲೇ ಸದಾ ಗದ್ದುಗೆಯಲ್ಲಿ ಕೂತಿರಬೇಕಲ್ಲ? ಕೂರುವುದಿಲ್ಲ, ಬಾಗಿಲಲ್ಲೇ ಒಂದು ಕಿಣ್ವ ಕಾವಲಿದೆ. ಒಳಬರುವ ಕಾರ್ಟಿಸಾಲಿನ ಒಂದು ಮೂಲೆಯನ್ನು ತಿದ್ದಿ ಕಾರ್ಟಿಸೋನ್ ಮಾಡಿಬಿಡುತ್ತದೆ, ಅದು ಆ ಗ್ರಾಹಿಗೆ ಕೂರುವುದಿಲ್ಲ. ಆಲ್ಡೋಸ್ಟೆರೋನ್ ಅದೇ ಮೂಲೆಯನ್ನು ಮಡಚಿ ಬಚ್ಚಿಟ್ಟುಕೊಂಡು ಬರುತ್ತದೆ, ಕಾವಲುಗಾರನ ಕೈಗೆ ಸಿಗುವುದಿಲ್ಲ.

ಈ ಕಾವಲುಗಾರನಿಗೆ ಮಂಪರು ಹಿಡಿಸುವ ವಸ್ತು ನಮ್ಮ ಕಿರಾಣಿ ಅಂಗಡಿಯಲ್ಲೇ ಇದೆ. ಜೇಷ್ಠಮಧು. 1946ರಲ್ಲಿ ನೆದರ್ಲ್ಯಾಂಡ್ಸಿನ ರೆವರ್ಸ್ ಎಂಬ ವೈದ್ಯ ಹೊಟ್ಟೆ ಹುಣ್ಣಿಗೆ ಇದರ ಸಾರ ಕೊಟ್ಟಾಗ ಹುಣ್ಣೇನೋ ಇಳಿಯಿತು, ಕೆಲವರ ಮೈ ಊದಿಕೊಂಡಿತು. ಬೇರಿನಲ್ಲಿರುವ ಗ್ಲಿಸಿರೈಜಿನ್ ಕಾವಲು ಕಿಣ್ವವನ್ನು ತಡೆಯುತ್ತದೆ, ಕಾರ್ಟಿಸಾಲ್ ಒಳನುಗ್ಗಿ ಆಲ್ಡೋಸ್ಟೆರೋನಿನ ವೇಷ ಹಾಕುತ್ತದೆ. ಕೆಮ್ಮಿಗೆ ಒಂದು ಚೂರು ಚಪ್ಪರಿಸಿದರೆ ಏನೂ ಇಲ್ಲ. ದಿನಾ ಚಮಚಗಟ್ಟಲೆ, ತಿಂಗಳುಗಟ್ಟಲೆ ತಿಂದರೆ ಬಿಪಿ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು.

ಸಿಂಧನೂರಿನ ನನ್ನ ಸೋದರಮಾವ ಬಿಪಿ ಇಳಿಯುತ್ತಿಲ್ಲವೆಂದು ಅಡುಗೆಗೆ ಸೈಂಧವ ಲವಣ ಹಾಕಿಸುತ್ತಿದ್ದರು. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ ಅಂದೆ, ನಂಬಲಿಲ್ಲ. ಮಾತಿಗೆ ಮಾತು ಬೆಳೆದು, ಗಂಟಲಿಗೆ ಒಳ್ಳೆಯದೆಂದು ಬೆಳಿಗ್ಗೆ ಸಂಜೆ ಒಂದು ಚಮಚ ಜೇಷ್ಠಮಧು ಪುಡಿ ನಾಲ್ಕು ತಿಂಗಳಿನಿಂದ ನಡೆದಿದೆ ಎಂಬುದು ಹೊರಬಿತ್ತು.

"ಬ್ಯಾರೆ ಔಷಧ ಏನರ ತಗೋತೀರೇನು ಅಂತ ಡಾಕ್ಟರು ಕೇಳಲಿಲ್ಲೇನ್ರಿ ಮಾವ?"

"ಕೇಳಿದ್ರು. ಇಲ್ರಿ ಅಂದೆ."

"ಮತ್ತ ಇದು?"

"ತಮ್ಮಾ, ಇದು ಔಷಧ ಹ್ಯಾಂಗಾತು? ಬರೇ ಬೇರು."