ನೀರಿಗೆ ಬಕೆಟ್ಟಿನ ಗೆರೆ ಸಾಲದು, ತಕ್ಕಡಿ ಬೇಕು

ಬಿಯರ್ ಮಾಡಲು ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಗ್ರಾಂ ಲೆಕ್ಕದಲ್ಲಿ ತೂಗುವವರೂ ನೀರನ್ನು ಮಾತ್ರ ಬಕೆಟ್ಟಿನ ಗೆರೆ ನಂಬಿ ಸುರಿಯುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ. 40 ಸೆಂ.ಮೀ. ಅಗಲದ ಪಾತ್ರೆಯಲ್ಲಿ ಮಟ್ಟ ನೋಡುವಾಗ ಕಣ್ಣು 3 ಮಿ.ಮೀ. ತಪ್ಪಿದರೆ ಸುಮಾರು 380 ಮಿ.ಲೀ. ಏರುಪೇರು. ಸಾಧಾರಣ ಎಲೆಕ್ಟ್ರಾನಿಕ್ ತಕ್ಕಡಿ ತಪ್ಪುವುದು ಕೆಲವೇ ಗ್ರಾಂ.

ಅದಕ್ಕಿಂತ ದೊಡ್ಡ ಮೋಸ ಶಾಖದ್ದು. ನೀರು ಬಿಸಿಯಾದರೆ ಹಿಗ್ಗುತ್ತದೆ, ತೂಕ ಮಾತ್ರ ಅಷ್ಟೇ ಇರುತ್ತದೆ. ಒಂದು ಲೀಟರ್ ನೀರು 4 ಡಿಗ್ರಿಯಲ್ಲಿ 1000 ಗ್ರಾಂ, 20ರಲ್ಲಿ 998. ಮೇ ತಿಂಗಳ ಕಲಬುರಗಿಯಲ್ಲಿ ಮಾಳಿಗೆಯ ಟ್ಯಾಂಕಿನಿಂದ 40 ಡಿಗ್ರಿಯ ನೀರು ಬಂದರೆ 992, 100 ಡಿಗ್ರಿಯಲ್ಲಿ 958. ಅಂದರೆ ತಣ್ಣಗೆ 25 ಲೀಟರ್ ಇರುವ ನೀರು ಕುದಿಯುವಾಗ 26ರ ಗೆರೆ ಮುಟ್ಟುತ್ತದೆ. ‘ಇನ್ನೂ ಒಂದು ಲೀಟರ್ ಆವಿಯಾಗಬೇಕು’ ಎಂದು ಒಲೆ ಆರಿಸದೆ ಬಿಟ್ಟರೆ, ತಣ್ಣಗಾದ ಮೇಲೆ ಉಳಿಯುವುದು 24.

ಲೀಟರ್ ಹುಟ್ಟಿದ್ದು ಗಾತ್ರದ ಅಳತೆಯಾಗಿಯೇ. ಆದರೆ 1901ರಲ್ಲಿ ಅದನ್ನು ಅತಿ ಹೆಚ್ಚು ಸಾಂದ್ರತೆಯಲ್ಲಿರುವ ಒಂದು ಕಿಲೋ ಶುದ್ಧ ನೀರಿನ ಗಾತ್ರ ಎಂದು ನಿಗದಿ ಮಾಡಿದರು. 1000 ಘನ ಸೆಂ.ಮೀ.ಗಿಂತ ಅದು ದಶಲಕ್ಷಕ್ಕೆ 28 ಪಾಲು ಹೆಚ್ಚಾಗಿತ್ತು. 1964ರಲ್ಲಿ ಆ ವ್ಯಾಖ್ಯೆ ಕೈಬಿಟ್ಟು ಮತ್ತೆ ಘನ ಅಳತೆಗೆ ಮರಳಿದರು.

ಬೋರ್‌ವೆಲ್ಲಿನ ಸವಳು ನೀರು ಭಾರ, ಅದನ್ನು ತೂಗಿದರೆ ಲೆಕ್ಕ ಕೆಡುತ್ತದೆ ಎಂಬ ನಂಬಿಕೆಗೆ ಹುರುಳಿಲ್ಲ. ಲೀಟರಿಗೆ 1000 ಮಿಲಿಗ್ರಾಂ ಲವಣ ಇದ್ದರೂ ಅದು ಒಂದೇ ಗ್ರಾಂ. ಆ ಲವಣ ಬಿಯರಿನ ರುಚಿ ಕೆಡಿಸಬಹುದು, ಅಳತೆಯನ್ನಲ್ಲ.

ಮಾಡುವ ಕ್ರಮ ಸರಳ. ಖಾಲಿ ಬಕೆಟ್ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. 30 ಡಿಗ್ರಿಯ ನೀರಾದರೆ 5 ಲೀಟರಿಗೆ 4 ಕಿಲೋ 978 ಗ್ರಾಂ ತೂಗಿ, ಸಮತಟ್ಟಾದ ನೆಲದ ಮೇಲಿಟ್ಟ ಪಾತ್ರೆಗೆ ಸುರಿಯಿರಿ. ಸ್ಟೀಲ್ ಪಟ್ಟಿಯೊಂದನ್ನು ತಳಕ್ಕೆ ನೆಟ್ಟಗೆ ಮುಟ್ಟಿಸಿ ಮಟ್ಟಕ್ಕೆ ಗುರುತು ಹಾಕಿ. ಪ್ರತಿ 5 ಲೀಟರಿಗೂ ಹೀಗೇ ಮಾಡಬೇಕು. ಮೊದಲ ಗುರುತನ್ನೇ ಹಿಡಿದು ಉಳಿದದ್ದನ್ನು ಸಮವಾಗಿ ಹಂಚಿದರೆ ಕೆಟ್ಟಿತು. ತಳದ ಅಂಚು ದುಂಡಗಿರುವುದರಿಂದ ಅಲ್ಲಿ ನೀರು ಕಡಿಮೆ ಹಿಡಿಯುತ್ತದೆ, ಮೊದಲ ಗುರುತು ತುಸು ಮೇಲೆ ಬರುತ್ತದೆ.

ಮಾಲ್ಟಿನ ಸಕ್ಕರೆ ನೀರಿಗೆ ಇಳಿದು ರಸವಾದ ಮೇಲೆ ಮಾತ್ರ ‘ಕಿಲೋ ಅಂದರೆ ಲೀಟರ್’ ಎಂಬ ಲೆಕ್ಕ ನಡೆಯದು. ರಸವನ್ನು ತಣ್ಣಗಾಗಿಸಿ, ಪಾತ್ರೆಯ ಭಾರ ಕಳೆದು, ಹೈಡ್ರೋಮೀಟರ್ (ದ್ರವ ನೀರಿಗಿಂತ ಎಷ್ಟು ಪಟ್ಟು ಭಾರ ಎಂದು ತೋರಿಸುವ ತೇಲುಗೊಳವೆ) ತೋರಿಸುವ ಅಂಕಿಯಿಂದ ಭಾಗಿಸಬೇಕು. 1.050 ತೋರಿಸುವ ರಸ 21 ಕಿಲೋ ತೂಗಿದರೆ ಅದು 20 ಲೀಟರ್. ಅದಕ್ಕೆ ಒಂದು ಲೀಟರ್ ನೀರು ಹೆಚ್ಚು ಬಿದ್ದರೆ ಅಂಕಿ 1.048ರ ಹತ್ತಿರ ಇಳಿಯುತ್ತದೆ.