ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರೋದು ಹೇಗೆ

ನನ್ನ ಹಾಗೆ ಬಿ.ಇಡಿ ಓದುತ್ತಾ, ಮೈಕ್ ಹಿಡಿದ ತಕ್ಷಣ ಗಂಟಲು ಒಣಗುವವರಿಗೆ ಈ ಟಿಪ್ಪಣಿ. ಹೋದ ಸೆಪ್ಟೆಂಬರ್ 17ಕ್ಕೆ ರಾಯಚೂರಿನಲ್ಲಿ, ನಮ್ಮ ಕಾಲೇಜಿನ ಕಲ್ಯಾಣ ಕರ್ನಾಟಕ ಉತ್ಸವದಲ್ಲಿ ಐದು ನಿಮಿಷ ಮಾತಾಡಿದೆ. ಜನ ಫೋನ್ ನೋಡುತ್ತಾ ಕೂತಿದ್ದರು. ಮೊನ್ನೆ ಅದೇ ಭಾಷಣ ಕ್ಲಾಸಿನಲ್ಲಿ ಮಾಡಿದೆ, ಎಲ್ಲರೂ ಕಿವಿಗೊಟ್ಟು ಕೇಳಿದರು. ವಿಷಯ ಅದೇ, ಬದಲಾಗಿದ್ದು ಒಂದೇ ಒಂದು ಕಡೆ.

ನಿಲ್ಲುವ ರೀತಿ, ದನಿಯ ಏರಿಳಿತ ಎಲ್ಲಾ ಪುಸ್ತಕದಲ್ಲಿದೆ, ಬಿಡಿ. ಆದರೆ 'ಮಾತಿನಲ್ಲಿ ಪದಗಳ ಪಾಲು ಬರೀ 7%' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈ ಲೆಕ್ಕ ಹುಟ್ಟಿದ್ದು ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋ ಮನಶ್ಶಾಸ್ತ್ರಜ್ಞರ ಪ್ರಯೋಗಗಳಿಂದ; 1967ರಲ್ಲಿ ಅವರು ನೋಡಿದ್ದು ಇಷ್ಟ ಇದೆ, ಇಷ್ಟ ಇಲ್ಲ ಅನ್ನೋ ಭಾವನೆ ಪದ, ದನಿ ಮತ್ತು ಮುಖದಲ್ಲಿ ಹೇಗೆ ಕಾಣುತ್ತದೆ ಅನ್ನೋದನ್ನ. ಭಾಷಣಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ಆ 7% ಮಾತನ್ನು ನಂಬಿ ಒಂದು ವಾರ ಕನ್ನಡಿ ಮುಂದೆ ಕೈ ಆಡಿಸುತ್ತಾ ಕಳೆದೆ.

ಭಯದ ಬಗ್ಗೆ ಒಂದು ಮಾತು. ನಮ್ಮ ನಡುಕ ಎಲ್ಲರಿಗೂ ಕಾಣ್ತಿದೆ ಅಂತ ನಮಗನ್ನಿಸುತ್ತೆ, ಅಷ್ಟೆಲ್ಲಾ ಕಾಣಲ್ಲ. ಸವಿಟ್ಸ್ಕಿ ಮತ್ತು ಗಿಲೊವಿಚ್ ಅನ್ನೋ ಮನಶ್ಶಾಸ್ತ್ರಜ್ಞರು 2003ರ ಒಂದು ಅಧ್ಯಯನದಲ್ಲಿ ಭಾಷಣಕ್ಕೆ ಮುಂಚೆ ಕೆಲವರಿಗೆ ಇಷ್ಟನ್ನೇ ಹೇಳಿ ಕಳಿಸಿದರು. ಅವರ ಭಾಷಣ ಉಳಿದವರಿಗಿಂತ ಚೆನ್ನಾಗಿ ಬಂತು.

ಈಗ ನಾನು ಸಿಕ್ಕಿಹಾಕಿಕೊಂಡ ಜಾಗ. ಸಭಿಕರಿಗೆ ಪ್ರಶ್ನೆ ಕೇಳಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಕೇಳಿದ್ದೆ: 'ನಮ್ಮ ರಾಯಚೂರಿಗೆ ಸ್ವಾತಂತ್ರ್ಯ ಬಂದದ್ದು ಯಾವಾಗ?' ಕೇಳಿ, ಉಸಿರು ಸಹ ತಗೊಳ್ಳದೆ 'ಸೆಪ್ಟೆಂಬರ್ 17, 1948' ಅಂತ ನಾನೇ ಹೇಳಿಬಿಟ್ಟೆ. ಅಲ್ಲಿಗೆ ಅದು ಪ್ರಶ್ನೆಯಾಗಿ ಉಳಿಯಲಿಲ್ಲ. ಎರಡು ಸಲ ಹೀಗೆ ಮಾಡಿದರೆ ಸಾಕು, ಇವನೇ ಹೇಳ್ತಾನೆ ಬಿಡು ಅಂತ ಜನ ಯೋಚಿಸೋದನ್ನೇ ನಿಲ್ಲಿಸುತ್ತಾರೆ.

ಮೇಷ್ಟ್ರುಗಳೂ ಹೀಗೇ ಅಂತೆ. ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕಿ ಅಮೆರಿಕದ ತರಗತಿಗಳಲ್ಲಿ ಅಳೆದು ನೋಡಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯ್ತು, ಬಾಯಿ ಬಿಡುವವರು ಜಾಸ್ತಿಯಾದರು.

ಮೂರೇ ಸೆಕೆಂಡಾ ಅನ್ನಬೇಡಿ. ಮೈಕ್ ಮುಂದೆ ನಿಂತಾಗ ಅದು ಬಸ್‌ಸ್ಟ್ಯಾಂಡಿನಲ್ಲಿ ಕಾದಷ್ಟು ಉದ್ದ! ಮನಸ್ಸಿನಲ್ಲಿ 'ಒಂದು, ಎರಡು, ಮೂರು' ಎಣಿಸಿದರೆ ಗಾಬರಿಯಲ್ಲಿ ಒಂದೇ ಸೆಕೆಂಡಿಗೆ ಮುಗಿದುಹೋಗುತ್ತೆ. ಅದಕ್ಕೆ ನಾನು ಮಾಡಿಕೊಂಡ ಉಪಾಯ: 'ಒಂದು ತುಂಗಭದ್ರಾ, ಎರಡು ತುಂಗಭದ್ರಾ, ಮೂರು ತುಂಗಭದ್ರಾ.' ಹೊಳೆ ಹೆಸರು ಉದ್ದ ಇರೋದರಿಂದ ಓಡೋಕಾಗಲ್ಲ. ತುಟಿ ಮುಚ್ಚಿರಲಿ. ಒಮ್ಮೆ ನನ್ನ ತುಟಿ ಅಲ್ಲಾಡಿ, ಇವನೇನು ಮಂತ್ರ ಹೇಳ್ತಾನೆ ಅಂತ ಮುಂದಿನ ಸಾಲು ನಕ್ಕಿತ್ತು. ಕಣ್ಣು ಒಬ್ಬರ ಮೇಲೆ ನಿಲ್ಲಲಿ, ಫ್ಯಾನ್ ಮೇಲೆ ಅಲ್ಲ.

ಮೊನ್ನೆ ಹೀಗೆ ಕಾದೆ. ಎರಡನೇ ತುಂಗಭದ್ರಾಕ್ಕೆ ಒಬ್ಬಳು 'ಆಗಸ್ಟ್ 15' ಅಂದಳು. ನಾನು ಸುಮ್ನೆ ನಿಂತೆ. ಆಗ ಹಿಂದಿನ ಬೆಂಚಿನಿಂದ ಒಬ್ಬ, 'ಇಲ್ರೀ, ಅವಾಗ ಇಲ್ಲಿ ನಿಜಾಮ ಇದ್ದ' ಅಂದ. 'ಹೌದಲ್ಲ!' ಅಂತ ಇನ್ನೊಬ್ಬ. ದೇಶಕ್ಕೆ ಬಂದ 13 ತಿಂಗಳ ಮೇಲೆ ನಮಗೆ ಬಂತು ಅನ್ನೋ ಮಾತನ್ನು ನಾನು ಹೇಳಲೇ ಇಲ್ಲ, ಅವರೇ ಲೆಕ್ಕ ಹಾಕಿದರು.

ಪ್ರಶ್ನೆಯೂ ಸರಿಯಿರಬೇಕು. 'ಅರ್ಥ ಆಯ್ತಾ?' ಅಂದರೆ 'ಹ್ಞೂಂ ರೀ' ಬಿಟ್ಟು ಬೇರೇನೂ ಬರಲ್ಲ. ಎಲ್ಲರೂ ಊಹಿಸಬಹುದಾದ, ಮೊದಲ ಊಹೆ ತಪ್ಪಾಗಬಹುದಾದ ಪ್ರಶ್ನೆ ಆರಿಸಿ. ತಪ್ಪು ಹೇಳಿದವರನ್ನು ಮಾತ್ರ ಆಡಿಕೊಳ್ಳಬೇಡಿ, ಆಮೇಲೆ ಯಾರೂ ಬಾಯಿ ಬಿಡಲ್ಲ.

ನನ್ನ ಪ್ರಶ್ನೆ ಕೊಪ್ಪಳದಲ್ಲೂ ನಡೆಯುತ್ತೆ, ಅದೂ ರಾಯಚೂರಿನ ಹಾಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತು. ಬಳ್ಳಾರಿಯಲ್ಲಿ ಕೇಳಬೇಡಿ. ಅದು ಆಗ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿ ಆಗಸ್ಟ್ 15 ಅನ್ನೋದೇ ಸರಿ ಉತ್ತರ. ಅಲ್ಲಿಯವರಿಗೆ ಮೈಸೂರು ರಾಜ್ಯ ಸೇರಿದ್ದು ಯಾವಾಗ ಅಂತ ಕೇಳಿ. ತುಂಬಾ ಜನ 1956 ಅಂತಾರೆ. ಮೂರು ತುಂಗಭದ್ರಾ ಕಾದು ಹೇಳಿ: 1953, ಅಕ್ಟೋಬರ್ 1.